ನಾಲ್ಕನೇ ಶನಿವಾರದ ಲೆಕ್ಕ

2024ರ ಅಕ್ಟೋಬರ್ 26 ನಾಲ್ಕನೇ ಶನಿವಾರ. ಬ್ಯಾಂಕುಗಳಿಗೆ ರಜೆ, ಮರುದಿನ ಹೇಗೂ ಭಾನುವಾರ. ಸೋಮವಾರ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಎಸ್‌ಬಿಐ ಶಾಖೆಯ ಬಾಗಿಲು ತೆಗೆದು ನೋಡಿದರೆ, ಊರಿನವರು ಅಡವಿಟ್ಟಿದ್ದ 17.7 ಕೆ.ಜಿ. ಚಿನ್ನ ಹೋಗಿತ್ತು. ಏಳು ತಿಂಗಳು ಕಳೆದವು. 2025ರ ಮೇ 24, ಅದೂ ನಾಲ್ಕನೇ ಶನಿವಾರ. ಸೋಮವಾರ ವಿಜಯಪುರ ಜಿಲ್ಲೆ ಬಸವನಬಾಗೇವಾಡಿ ತಾಲ್ಲೂಕಿನ ಮನಗೂಳಿಯಲ್ಲಿ ಕೆನರಾ ಬ್ಯಾಂಕ್ ಶಾಖೆ ತೆರೆದಾಗ ಕಾಣೆಯಾಗಿದ್ದದ್ದು 58.97 ಕೆ.ಜಿ. ಚಿನ್ನ. ಬೆಲೆ 53 ಕೋಟಿ ರೂಪಾಯಿಗೂ ಮೇಲೆ. ಎರಡೂ ಕಡೆ ಕಳ್ಳರು ಹೋಗುವಾಗ ಸಿಸಿಟಿವಿ ದೃಶ್ಯ ಸಂಗ್ರಹಿಸುವ ಪೆಟ್ಟಿಗೆಯನ್ನೂ ಎತ್ತಿಕೊಂಡು ಹೋಗಿದ್ದರು.

ಎರಡು ಜಿಲ್ಲೆ, ಎರಡು ಠಾಣೆ, ಎರಡು ಎಫ್‌ಐಆರ್. ಬೇರೆ ಬೇರೆ ಕಡತದಲ್ಲಿ ಇದ್ದಷ್ಟು ಹೊತ್ತು ಇವೆರಡು ಬೇರೆ ಬೇರೆ ದೊಡ್ಡ ಸುದ್ದಿಗಳು. ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ: ಸಣ್ಣ ಊರು, ಬಂಗಾರದ ಸಾಲ ಹೆಚ್ಚಿರುವ ಶಾಖೆ, ಎರಡು ದಿನ ಒಟ್ಟಿಗೆ ಮುಚ್ಚುವ ವಾರಾಂತ್ಯ. ಅಪರಾಧದ ಅಂಕಿಅಂಶ ಅಂದರೆ ಮೂಲದಲ್ಲಿ ಇಷ್ಟೇ. ದೊಡ್ಡ ಕಂಪ್ಯೂಟರು, ಕೃತಕ ಬುದ್ಧಿಮತ್ತೆ ಎಲ್ಲ ಆಮೇಲಿನ ಮಾತು. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಮೂರು ಪ್ರಶ್ನೆಗಳ ಉತ್ತರವನ್ನು ಒಂದು ಕಡೆ ಕೂಡಿಸಿದರೆ ಮುಂದಿನ ನಾಲ್ಕನೇ ಶನಿವಾರದ ರಾತ್ರಿ ಬೀಟ್ ಪೊಲೀಸರು ಯಾವ ಓಣಿಗೆ ಎರಡು ಸಲ ಹೋಗಬೇಕು ಅನ್ನುವುದು ಗೊತ್ತಾಗುತ್ತದೆ.

ಅಂಕಿಅಂಶದ ಮಿತಿಯೂ ಅದೇ ಮನಗೂಳಿಯಲ್ಲಿ ಬಯಲಾಯಿತು. ಜೂನ್‌ನಲ್ಲಿ ಪೊಲೀಸರು ಬಂಧಿಸಿದವರಲ್ಲಿ ಆ ಶಾಖೆಯಲ್ಲೇ ಹಿಂದೆ ಮ್ಯಾನೇಜರ್ ಆಗಿದ್ದವರೂ ಇದ್ದರು. ಆರೋಪ ನಿಜವಾದರೆ, ಹೊರಗಿನ ಗಸ್ತು ಎಷ್ಟೇ ಬಿಗಿಯಾಗಿದ್ದರೂ ಒಳಗಿನ ಕೀಲಿಗೈ ತಡೆಯುವುದು ಬ್ಯಾಂಕಿನದೇ ಕೆಲಸ. ಮತ್ತೆ ನಾಲ್ಕು ತಿಂಗಳಲ್ಲಿ, 2025ರ ಸೆಪ್ಟೆಂಬರ್ 16ರಂದು, ಅದೇ ಜಿಲ್ಲೆಯ, ಹಳೆಯ ಇಂಡಿ ತಾಲ್ಲೂಕಿನ ಭಾಗವಾಗಿದ್ದ ಚಡಚಣದಲ್ಲಿ ಸೈನಿಕರಂಥ ಸಮವಸ್ತ್ರ ತೊಟ್ಟ ಮುಸುಕುಧಾರಿಗಳು ಎಸ್‌ಬಿಐ ಶಾಖೆಗೆ ನುಗ್ಗಿ, ಸಿಬ್ಬಂದಿಯನ್ನು ಕಟ್ಟಿಹಾಕಿ, ಒಂದು ಕೋಟಿಗೂ ಹೆಚ್ಚು ನಗದು ಮತ್ತು ಅಪಾರ ಚಿನ್ನ ದೋಚಿದರು. ಅಂದು ಮಂಗಳವಾರ. ಹೊತ್ತು ಸಂಜೆ. ವಾರದ ಲೆಕ್ಕ ತಪ್ಪಿತು, ಜಾಗದ ಲೆಕ್ಕ ತಪ್ಪಲಿಲ್ಲ. ಅದೂ ಸಣ್ಣ ಊರು, ಅಲ್ಲೂ ಅಡವಿನ ಬಂಗಾರ. ಜೊತೆಗೆ ಮಹಾರಾಷ್ಟ್ರದ ಗಡಿ ಕೈಗೆಟುಕುವಷ್ಟು ಹತ್ತಿರ. ದರೋಡೆಕೋರರ ವಾಹನ ಸಿಕ್ಕಿದ್ದು ಸೊಲ್ಲಾಪುರ ಜಿಲ್ಲೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ 2011ರ ಜನಗಣತಿಯಲ್ಲಿ 30ರಿಂದ 40 ಸಾವಿರ ಜನರಿದ್ದ ಪಟ್ಟಣಗಳು. ಬೆಂಗಳೂರಿಗೆ ನಿರ್ಭಯಾ ನಿಧಿಯಿಂದ ನೂರಾರು ಕೋಟಿಯ ‘ಸೇಫ್ ಸಿಟಿ’ ಯೋಜನೆ ಬಂತು. ಸಾವಿರಾರು ಕ್ಯಾಮೆರಾ, ಅಪರಾಧದ ಜಾಗ ಗುರುತಿಸುವ ನಕ್ಷೆ, ದೊಡ್ಡ ಪರದೆಯ ಕಮಾಂಡ್ ಸೆಂಟರ್ ಎಲ್ಲ ಅದರೊಳಗೆ ಬಂದವು. ಇಂಡಿಗೆ ಅಂಥದ್ದು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೇಕಾದ ಮಾಹಿತಿ ಈಗಾಗಲೇ ಠಾಣೆಯಲ್ಲಿ ಬಿದ್ದಿದೆ.

ಯಾವುದೇ ಠಾಣೆಯ ಒಳಗೆ ಕಾಲಿಟ್ಟರೆ ಗೋಡೆಯ ಮೇಲೆ ಒಂದು ಬೋರ್ಡು ಇರುತ್ತದೆ. ಎಡಗಡೆ ಸಾಲಾಗಿ ಕೊಲೆ, ಡಕಾಯಿತಿ, ಸುಲಿಗೆ, ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು, ಸಾದಾ ಕಳವು, ಮೇಲ್ಗಡೆ ಇಸವಿಗಳು, ನಡುವೆ ಸಂಖ್ಯೆಗಳು. ಮೇಲಧಿಕಾರಿ ತಪಾಸಣೆಗೆ ಬಂದಾಗ ಮೊದಲು ನೋಡುವುದು ಅದನ್ನೇ. ಆದರೆ ತಡೆಗಟ್ಟುವ ಕೆಲಸಕ್ಕೆ ಆ ಬೋರ್ಡಿನಿಂದ ಕಾಸಿನ ಉಪಯೋಗವಿಲ್ಲ. ವರ್ಷಕ್ಕೆ ಇಷ್ಟು ಕನ್ನ ಕಳವು ಆದವು ಎಂದು ತಿಳಿದು ಯಾವ ಪೇದೆ ಯಾವ ಓಣಿಗೆ ಹೋಗಬೇಕು?

ಉಪಯೋಗದ ಮಾಹಿತಿ ಇರುವುದು ಪ್ರಥಮ ವರ್ತಮಾನ ವರದಿಯ ನಮೂನೆಯಲ್ಲಿ. ಜನ ಎಫ್‌ಐಆರ್ ಅನ್ನುವ ಆ ಕಾಗದದಲ್ಲಿ ಕೃತ್ಯ ನಡೆದ ದಿನ, ತಾರೀಖು, ಹೊತ್ತು, ಸ್ಥಳ, ಠಾಣೆಯಿಂದ ಇರುವ ದಿಕ್ಕು ಮತ್ತು ದೂರ, ಗಸ್ತಿನ ಹೆಸರು ಇವಕ್ಕೆಲ್ಲ ಬೇರೆ ಬೇರೆ ಅಂಕಣಗಳಿವೆ. ಈ ನಮೂನೆ ಮಾಡಿದವರು ನಕ್ಷೆಗೆ ಬೇಕಾದದ್ದನ್ನೆಲ್ಲ ಯೋಚಿಸಿಯೇ ಮಾಡಿದ್ದಾರೆ. ತುಂಬುವಾಗ ಮಾತ್ರ ಕೈ ಚುಟುಕಾಗುತ್ತದೆ. ‘ಸಿಂದಗಿ ಪಟ್ಟಣ’ ಎಂದು ಬರೆದರೆ ಕಾನೂನಿಗೆ ಸಾಕು. ‘ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ ನಿಲ್ಲುವ ಜಾಗ, ಹತ್ತುವಾಗ, ಮಧ್ಯಾಹ್ನ’ ಎಂದು ಬರೆದರೆ ಅದರಿಂದ ಒಂದು ಕೆಲಸ ಹುಟ್ಟುತ್ತದೆ. ಅಲ್ಲಿ ಸರದಿ ಸಾಲಿಗೆ ಕಂಬಿ ಹಾಕಿಸಬಹುದು, ನೂಕುನುಗ್ಗಲಿನ ಹೊತ್ತಿಗೆ ಒಬ್ಬ ಗೃಹರಕ್ಷಕನನ್ನು ನಿಲ್ಲಿಸಬಹುದು.

ಅಪರಾಧ ಊರ ತುಂಬ ಸಮನಾಗಿ ಹರಡಿಕೊಂಡಿರುವುದಿಲ್ಲ ಅನ್ನುವುದು ಅನುಭವಿ ಹವಾಲ್ದಾರನಿಗೆ ಯಾವತ್ತೂ ಗೊತ್ತಿದ್ದ ಮಾತು. ಅದನ್ನು ಲೆಕ್ಕ ಹಾಕಿ ತೋರಿಸಿದ್ದು ಅಮೆರಿಕದ ಲಾರೆನ್ಸ್ ಶೆರ್ಮನ್ ಮತ್ತು ಸಂಗಡಿಗರು, 1989ರಲ್ಲಿ. ಮಿನಿಯಾಪೊಲಿಸ್ ನಗರದಿಂದ ಒಂದು ವರ್ಷದಲ್ಲಿ ಪೊಲೀಸರಿಗೆ ಬಂದ ಮೂರು ಲಕ್ಷಕ್ಕೂ ಹೆಚ್ಚು ಕರೆಗಳನ್ನು ವಿಳಾಸವಾರು ವಿಂಗಡಿಸಿದರು. ಅರ್ಧದಷ್ಟು ಕರೆಗಳು ನಗರದ ಸುಮಾರು ಶೇ 3ರಷ್ಟು ವಿಳಾಸಗಳಿಂದ ಬಂದಿದ್ದವು. ನಮ್ಮ ಪಟ್ಟಣಗಳಲ್ಲಿ ಈ ಲೆಕ್ಕಕ್ಕೆ ಬೇಕಾದ ಸಾಮಗ್ರಿ 112 ಸಹಾಯವಾಣಿಯಲ್ಲಿದೆ. ಎಫ್‌ಐಆರ್ ಆಗದ ಜಗಳ, ಕುಡಿದ ಗಲಾಟೆ, ಗಂಡ ಹೊಡೆದನೆಂದು ಹೆಂಡತಿ ಮಾಡಿದ ಕರೆ ಎಲ್ಲವೂ ಸಮಯ ಮತ್ತು ಜಾಗದ ಸಮೇತ ಅಲ್ಲಿ ದಾಖಲಾಗುತ್ತವೆ. ಒಂದೇ ಮನೆಯಿಂದ ಮೂರು ಸಲ ಕರೆ ಬಂದಿದ್ದರೆ ನಾಲ್ಕನೆಯದು ಬರುವ ಮೊದಲೇ ಅಲ್ಲಿಗೆ ಮಹಿಳಾ ಸಿಬ್ಬಂದಿಯೋ ಅಂಗನವಾಡಿ ಕಾರ್ಯಕರ್ತೆಯೋ ಹೋಗಬಹುದು.

ಸಣ್ಣ ಊರುಗಳ ಅಂಕಿಗಳಲ್ಲಿ ಒಂದು ಕುತ್ತಿದೆ. ಒಂದು ಠಾಣೆಯಲ್ಲಿ ಹೋದ ವರ್ಷ ಎರಡು ಕೊಲೆ, ಈ ವರ್ಷ ನಾಲ್ಕು ಅಂದುಕೊಳ್ಳೋಣ. ‘ಕೊಲೆ ಶೇ 100 ಏರಿಕೆ’ ಎಂದು ಸುದ್ದಿಯಾಗುತ್ತದೆ. ಹೆಚ್ಚಿನ ಎರಡು ಕೊಲೆಗಳು ಒಂದೇ ಹೊಲದ ಬದುವಿನ ಜಗಳದಲ್ಲಿ ಆಗಿರಬಹುದು. ಅದರಿಂದ ಊರಿನ ಬಗ್ಗೆ ಏನೂ ಹೇಳಲಾಗದು. ಇಂಥ ಕಡೆ ವರ್ಷದಿಂದ ವರ್ಷಕ್ಕೆ ಹೋಲಿಸುವುದನ್ನು ಬಿಟ್ಟು ಐದು ವರ್ಷ ಒಟ್ಟುಗೂಡಿಸಿ ನೋಡಬೇಕು. ಕೊಲೆಯಂಥ ಅಪರೂಪದ ಪ್ರಕರಣಕ್ಕಿಂತ ಬೈಕ್ ಕಳವು, ಹೊಡೆದಾಟ, ಅಪಘಾತದಂಥ ಮೇಲಿಂದ ಮೇಲೆ ಆಗುವಂಥವನ್ನು ಎಣಿಸಬೇಕು.

ಇನ್ನೊಂದು ತೊಡಕು ವಿಜಯಪುರ ಜಿಲ್ಲೆಯದ್ದೇ. ಐದಿದ್ದ ತಾಲ್ಲೂಕುಗಳು ಹದಿಮೂರಾದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ‘ಇಂಡಿ ತಾಲ್ಲೂಕಿನಲ್ಲಿ ಅಪರಾಧ ಇಳಿದಿದೆ’ ಎಂದು ಯಾರಾದರೂ ಭಾಷಣ ಮಾಡಿದರೆ, ಇಳಿದದ್ದು ಅಪರಾಧವೋ ತಾಲ್ಲೂಕಿನ ವಿಸ್ತೀರ್ಣವೋ ಎಂದು ಮೊದಲು ಕೇಳಬೇಕು. ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಕೊಡುವ ಅಂಕಿಗಳೂ ಇಲ್ಲಿ ಕೈ ಹಿಡಿಯುವುದಿಲ್ಲ. ಅದು ಜಿಲ್ಲೆಯವರೆಗೆ ಬಂದು ನಿಲ್ಲುತ್ತದೆ. ಬರುವುದೂ ತಡ: 2023ರ ವರದಿ ಹೊರಬಿದ್ದದ್ದು 2025ರ ಸೆಪ್ಟೆಂಬರ್ ಕೊನೆಗೆ. ಎರಡು ವರ್ಷ ಹಳೆಯ ಅಂಕಿ ಹಿಡಿದು ಈ ದೀಪಾವಳಿಯ ಗಸ್ತು ಹಾಕಲು ಆಗುತ್ತದೆಯೇ?

ಯಾವ ಅಂಕಿ ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನೂ ನೋಡಬೇಕು. ಮನೆ ಕಳುವಾದವನು ತಾನೇ ಠಾಣೆಗೆ ಬರುತ್ತಾನೆ. ಮಟ್ಕಾ ಬರೆಸಿದವನು ಬರುತ್ತಾನೆಯೇ? ಮಟ್ಕಾ, ಇಸ್ಪೀಟು, ನಾಡ ಪಿಸ್ತೂಲು, ಅಕ್ರಮ ಮರಳು ಇವೆಲ್ಲ ಪೊಲೀಸರು ದಾಳಿ ಮಾಡಿದರೆ ಮಾತ್ರ ದಾಖಲಾಗುವ ಪ್ರಕರಣಗಳು. ದಕ್ಷ ಪಿಎಸ್‌ಐ ಬಂದ ವರ್ಷ ಅವು ಏರುತ್ತವೆ, ಕಣ್ಣು ಮುಚ್ಚಿ ಕೂತವನ ಕಾಲದಲ್ಲಿ ಇಳಿಯುತ್ತವೆ. ಭೀಮಾ ದಡದ ಠಾಣೆಯೊಂದರಲ್ಲಿ ಮರಳು ಪ್ರಕರಣ ಸೊನ್ನೆ ಎಂದು ಬೋರ್ಡಿನಲ್ಲಿದ್ದರೆ ಸಂತೋಷ ಪಡುವ ಮೊದಲು ನದಿಯ ಕಡೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಬರಬೇಕಾದವರೂ ಬಾರದಿರುವುದು ಇದಕ್ಕಿಂತ ದೊಡ್ಡ ತೊಂದರೆ. ಹೊಲದ ಪಂಪ್‌ಸೆಟ್ಟಿನ ಕೇಬಲ್ ಹೋಯಿತು, ಹಟ್ಟಿಯಿಂದ ಎರಡು ಕುರಿ ಹೋದವು. ‘ಹ್ವಾದದ್ದು ಹ್ವಾತು, ಸ್ಟೇಷನ್ ಮೆಟ್ಟಲಾ ಯಾಕ ಹತ್ತೂದು ಬಿಡ್ರಿ’ ಅನ್ನುವ ಮಾತಿನೊಂದಿಗೆ ಪ್ರಕರಣ ಮುಗಿಯುತ್ತದೆ. ಹೊಡೆದಾಟದಲ್ಲಿ ತಲೆ ಒಡೆದುಕೊಂಡವನು ತಾಲ್ಲೂಕು ಆಸ್ಪತ್ರೆಗೆ ಹೋಗಿ, ‘ಗಾಡಿ ಮ್ಯಾಲಿಂದ ಬಿದ್ದೀನ್ರಿ ಸಾಹೇಬ್ರ’ ಅನ್ನುತ್ತಾನೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಮುಖದ ಗಾಯಗಳಿಗೆ ಹೊಲಿಗೆ ಹಾಕುತ್ತಿದ್ದ ಶಸ್ತ್ರಚಿಕಿತ್ಸಕ ಜೊನಾಥನ್ ಶೆಫರ್ಡ್ ಇದನ್ನೇ ಗಮನಿಸಿದರು. ತಾವು ಹೊಲಿಗೆ ಹಾಕಿದವರಲ್ಲಿ ಬಹಳಷ್ಟು ಮಂದಿ ಪೊಲೀಸರ ಪುಸ್ತಕದಲ್ಲೇ ಇರಲಿಲ್ಲ. ಆಸ್ಪತ್ರೆಯ ಸ್ವಾಗತದವರು ಹೆಸರು ಬಿಟ್ಟು ಎಲ್ಲಿ, ಯಾವಾಗ, ಯಾವುದರಿಂದ ಪೆಟ್ಟು ಬಿತ್ತು ಎಂಬುದನ್ನಷ್ಟೇ ಕೇಳಿ ಬರೆದುಕೊಳ್ಳತೊಡಗಿದರು. ಆ ಪಟ್ಟಿ ಪ್ರತಿ ತಿಂಗಳು ಪೊಲೀಸರಿಗೂ ನಗರಾಡಳಿತಕ್ಕೂ ಹೋಯಿತು. ಯಾವ ಮದ್ಯದಂಗಡಿಯ ಮುಂದೆ, ಯಾವ ಬೀದಿಯಲ್ಲಿ ಎಂಬುದು ಸ್ಪಷ್ಟವಾಯಿತು. ಹೊಡೆತದ ಗಾಯದಿಂದ ಆಸ್ಪತ್ರೆಗೆ ದಾಖಲಾಗುವುದು ಅಂಥದೇ ಬೇರೆ ನಗರಗಳಿಗೆ ಹೋಲಿಸಿದರೆ ಶೇ 42ರಷ್ಟು ಇಳಿಯಿತು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ರಿಜಿಸ್ಟರ್ ಇದೆ, ಬರೆಯುವ ಸಿಬ್ಬಂದಿ ಇದ್ದಾರೆ. ಹೆಸರು ಬಿಟ್ಟು ಜಾಗ ಮತ್ತು ಹೊತ್ತು ಮಾತ್ರ ಪುರಸಭೆಯ ಮುಂದಿಡುವ ಪರಿಪಾಠ ಹುಟ್ಟಬೇಕು, ಅಷ್ಟೇ.

ಹೆಸರು ಬಿಡಬೇಕು ಅನ್ನುವ ಮಾತಿಗೆ ಈ ನೆಲದಲ್ಲಿ ಬೇರೆಯೇ ತೂಕವಿದೆ. ಅಪರಾಧದ ಮಾಹಿತಿಯನ್ನು ಜಾಗಕ್ಕೆ ಅಂಟಿಸುವ ಬದಲು ಜನಕ್ಕೆ ಅಂಟಿಸಿದರೆ ಏನಾಗುತ್ತದೆ ಅನ್ನುವುದನ್ನು ವಿಜಯಪುರ ಜಿಲ್ಲೆ ಪುಸ್ತಕ ಓದಿ ತಿಳಿಯಬೇಕಿಲ್ಲ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1908ರಲ್ಲಿ ಬಾಂಬೆ ಪ್ರಾಂತದ ಪೊಲೀಸ್ ಅಧಿಕಾರಿ ಮೈಕೆಲ್ ಕೆನೆಡಿ ‘ಅಪರಾಧಿ ವರ್ಗ’ಗಳ ಮೇಲೆ ಒಂದು ಇಡೀ ಪುಸ್ತಕ ಬರೆದ. ಬಿಜಾಪುರ ಜಿಲ್ಲೆಯ ಛಪ್ಪರಬಂದ ಸಮುದಾಯದವರನ್ನು ಖೋಟಾ ನಾಣ್ಯದವರೆಂದು ಅದರಲ್ಲಿ ಪಟ್ಟಿ ಮಾಡಿದ. ಮುಂದೆ ಐಸಿಎಸ್ ಅಧಿಕಾರಿ ಸ್ಟಾರ್ಟ್ ಬಿಜಾಪುರದಲ್ಲಿ ಇಂಥ ಪಟ್ಟಿಯವರನ್ನು ಕೂಡಿಹಾಕುವ ಸೆಟ್ಲ್‌ಮೆಂಟ್ ತೆರೆದ. ತಂತಿಬೇಲಿ, ದಿನದ ಹಾಜರಿ, ಹೊರಗೆ ಹೋಗಲು ಪಾಸು. ಹುಟ್ಟಿದ ಕೂಸೂ ಪಟ್ಟಿಯೊಳಗೆ. ಅದೂ ಒಂದು ಬಗೆಯ ‘ಅಂಕಿಅಂಶ ಆಧಾರಿತ ತಡೆ’ಯೇ ಆಗಿತ್ತು. ಆ ಕಾಯ್ದೆ ಹೋದದ್ದು 1952ರ ಆಗಸ್ಟ್ 31ರಂದು. ಆ ಸಮುದಾಯಗಳ ಹಿರಿಯರು ಇವತ್ತಿಗೂ ಅದನ್ನು ಬಿಡುಗಡೆಯ ದಿನ ಎಂದು ನೆನೆಯುತ್ತಾರೆ.

ಅದರ ನಂತರವೂ ಹೆಸರಿಡುವ ಚಟ ನಿಂತಿಲ್ಲ. ಇಂಡಿ, ಸಿಂದಗಿ ಕಡೆಯವರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ, ‘ಓ, ಭೀಮಾ ತೀರದವರಾ?’ ಎಂಬ ನಗೆ ಎದುರಾಗುತ್ತದೆ. ನದಿ ದಡದ ಕೆಲವು ಮನೆತನಗಳ ಹಗೆ, ಅದರ ಸುತ್ತ ಟ್ಯಾಬ್ಲಾಯ್ಡ್‌ಗಳು ಬರೆದ ಕಥೆ, 2012ರಲ್ಲಿ ಬಂದ ಸಿನಿಮಾ ಎಲ್ಲ ಸೇರಿ ಒಂದು ಇಡೀ ಸೀಮೆಗೆ ಹಂತಕರ ಹಣೆಪಟ್ಟಿ ಕಟ್ಟಿದವು. ಲಿಂಬೆ, ದಾಳಿಂಬೆ, ಕಬ್ಬು ಬೆಳೆದು ಬದುಕುವ ಲಕ್ಷಾಂತರ ಜನರ ಬಗ್ಗೆ ಆ ಪಟ್ಟಿ ಏನೂ ಹೇಳುವುದಿಲ್ಲ. ಪಟ್ಟಿ ಬರೆಯುವ ಕೈಯ ಮೇಲೂ ಕಣ್ಣಿರಬೇಕು: 2017ರ ಅಕ್ಟೋಬರ್ 30ರಂದು ಇದೇ ಸೀಮೆಯ ಕೊಂಕಣಗಾಂವದಲ್ಲಿ ನಡೆದ ಎನ್‌ಕೌಂಟರ್‌ಗೆ ಹೊಂದಿಕೊಂಡ ಕೊಲೆ ಪ್ರಕರಣದಲ್ಲಿ ಮರುವರ್ಷ ಸಿಐಡಿ ಬಂಧಿಸಿದವರಲ್ಲಿ ಪೊಲೀಸ್ ಅಧಿಕಾರಿಗಳೇ ಇದ್ದರು.

ಹಾಗಾದರೆ ಊರುಗಳ ಹೆಸರು ಪಟ್ಟಿ ಮಾಡುವುದೇ ತಪ್ಪೇ? ಅಲ್ಲ. ಕೆಲವು ಕಡೆ ಕಾನೂನೇ ಮಾಡಬೇಕೆಂದು ಹೇಳುತ್ತದೆ.

2017ರ ಜೂನ್‌ನಲ್ಲಿ ಆಗಿನ ಮುದ್ದೇಬಿಹಾಳ ತಾಲ್ಲೂಕಿನ ಗುಂಡಕನಾಳದಲ್ಲಿ ದಲಿತ ಯುವಕನನ್ನು ಮದುವೆಯಾಗಿದ್ದ ಗರ್ಭಿಣಿಯನ್ನು ಅವಳ ಮನೆಯವರೇ ಸುಟ್ಟು ಕೊಂದರು. 2021ರ ಜೂನ್‌ನಲ್ಲಿ ಹಳೆಯ ಸಿಂದಗಿ ತಾಲ್ಲೂಕಿನ, ಈಗ ದೇವರಹಿಪ್ಪರಗಿಗೆ ಸೇರಿದ ಸಲಾದಹಳ್ಳಿಯಲ್ಲಿ ಪ್ರೀತಿಸಿದ ಹುಡುಗ ಹುಡುಗಿ ಇಬ್ಬರನ್ನೂ ಕೊಂದು ಹಾಕಿದರು. ಗುಂಡಕನಾಳದ ಪ್ರಕರಣದಲ್ಲಿ ವಿಜಯಪುರದ ನ್ಯಾಯಾಲಯ 2024ರಲ್ಲಿ ಇಬ್ಬರಿಗೆ ಮರಣದಂಡನೆ, ಉಳಿದವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆ ಬಂತು, ಏಳು ವರ್ಷಕ್ಕೆ ಬಂತು. ಆದರೆ ಮರ್ಯಾದೆಗೇಡು ಹತ್ಯೆಯಂಥ ಅಪರಾಧ ರಾತ್ರೋರಾತ್ರಿ ಹುಟ್ಟುವುದಿಲ್ಲ. ಹುಡುಗಿ ಕಾಣೆಯಾಗಿದ್ದಾಳೆಂಬ ದೂರು, ನೋಂದಣಿ ಕಚೇರಿಯಲ್ಲಿ ಮದುವೆ, ಎರಡೂ ಮನೆಯವರ ಜಗಳ, ಊರ ಹಿರಿಯರ ಪಂಚಾಯಿತಿ, ‘ನೋಡ್ಕೋತೀವಿ’ ಎಂಬ ಬೆದರಿಕೆ, ಹೀಗೆ ಒಂದೊಂದೇ ಮೆಟ್ಟಿಲು ಎಲ್ಲರ ಕಣ್ಣೆದುರೇ ಏರಿಬರುತ್ತದೆ. ಬಹಳ ಸಲ ಮೊದಲ ಮೆಟ್ಟಿಲಿನ ಕಾಗದ ಠಾಣೆಯಲ್ಲಿಯೇ ಇರುತ್ತದೆ.

ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಹಿಂದಿನ ಐದು ವರ್ಷಗಳಲ್ಲಿ ಇಂಥ ಹತ್ಯೆ ನಡೆದ ಅಥವಾ ಜಾತಿ ಪಂಚಾಯಿತಿ ಸೇರಿದ ಜಿಲ್ಲೆ, ಉಪವಿಭಾಗ, ಹಳ್ಳಿಗಳನ್ನು ರಾಜ್ಯ ಸರ್ಕಾರಗಳು ಗುರುತಿಸಬೇಕು, ಆ ಠಾಣೆಗಳ ಅಧಿಕಾರಿಗಳಿಗೆ ಎಚ್ಚರಿಕೆ ಕೊಡಬೇಕು, ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ ಮತ್ತು 24 ಗಂಟೆಯ ಸಹಾಯವಾಣಿ ಇರಬೇಕು, ಬೆದರಿಕೆ ಇರುವ ಜೋಡಿಗಳಿಗೆ ಸುರಕ್ಷಿತ ಮನೆ ಒದಗಿಸಬೇಕು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳೂ ಇದಕ್ಕಿಂತ ಬಹಳ ಮೊದಲೇ ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಮುಂಚಿತವಾಗಿ ಗುರುತಿಸಬೇಕೆಂದು 3ನೇ ನಿಯಮದಲ್ಲಿ ಬರೆದಿದ್ದವು. ಅಂಕಿಅಂಶ ಹಿಡಿದು ತಡೆಯುವುದು ಅಮೆರಿಕದಿಂದ ತರಿಸಿಕೊಳ್ಳಬೇಕಾದ ಹೊಸ ವಿದ್ಯೆಯೇನಲ್ಲ, ಮೂವತ್ತು ವರ್ಷಗಳಿಂದ ನಮ್ಮದೇ ನಿಯಮ ಪುಸ್ತಕದಲ್ಲಿರುವ ಕರ್ತವ್ಯ. ಜಾತಿ ಮೀರಿದ ಒಂದು ಮದುವೆಗಾಗಿ ಕಲ್ಯಾಣ ಹೊತ್ತಿ ಉರಿದದ್ದು 12ನೇ ಶತಮಾನದಲ್ಲಿ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಜಿಲ್ಲೆಯಲ್ಲಿ ಆ ಪಟ್ಟಿ ಎಲ್ಲಕ್ಕಿಂತ ಮೊದಲು ತಯಾರಾಗಬೇಕಿತ್ತು.

ಬಾಲ್ಯವಿವಾಹದ ಕಥೆ ಇನ್ನೂ ವಿಚಿತ್ರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು. ವಿಜಯಪುರದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. ಠಾಣೆಯ ದಾಖಲೆಯಲ್ಲಿ ಹುಡುಕಿದರೆ ಬೆರಳೆಣಿಕೆ. ಇಲ್ಲಿ ಎಫ್‌ಐಆರ್ ನೋಡಿ ಯೋಜನೆ ಮಾಡಿದರೆ ಕೆಟ್ಟಂತೆ. ನೋಡಬೇಕಾದದ್ದು ಎಂಟನೇ, ಒಂಬತ್ತನೇ ತರಗತಿಯ ಹಾಜರಿ ಪುಸ್ತಕ. ಕಬ್ಬು ಕಡಿಯಲು, ಗೋವಾ, ಪುಣೆಗೆ ದುಡಿಯಲು ಗುಳೆ ಹೋಗುವ ತಾಂಡಾಗಳಲ್ಲಿ ಯಾವ ಹುಡುಗಿ ದೀಪಾವಳಿಯ ನಂತರ ಶಾಲೆಗೆ ಬರಲಿಲ್ಲ ಅನ್ನುವುದು ಮುಖ್ಯೋಪಾಧ್ಯಾಯರಿಗೆ ಗೊತ್ತಿರುತ್ತದೆ. ತಾಂಡಾದ ಬೀಟ್ ಪೊಲೀಸನಿಗೆ ಅದು ತಿಳಿಯುವುದು ಚಪ್ಪರ ಹಾಕಿದ ಮೇಲೆ.

ಕೊನೆಯದಾಗಿ ರಸ್ತೆ. ಜನ ಇದನ್ನು ಅಪರಾಧವೆಂದು ಎಣಿಸುವುದಿಲ್ಲ, ಹಣೆಬರಹ ಅನ್ನುತ್ತಾರೆ. ಭಾರತೀಯ ನ್ಯಾಯ ಸಂಹಿತೆ ಮಾತ್ರ ನಿರ್ಲಕ್ಷ್ಯದಿಂದಾದ ಸಾವನ್ನು ಅಪರಾಧವೆಂದೇ ಬರೆದುಕೊಳ್ಳುತ್ತದೆ. 2024ರ ಡಿಸೆಂಬರ್‌ನಲ್ಲಿ ತಾಳಿಕೋಟೆ ಬಳಿಯ ಬಿಳೇಭಾವಿ ಕ್ರಾಸ್‌ನಲ್ಲಿ ಕಾರೊಂದು ಕಟಾವು ಯಂತ್ರಕ್ಕೆ ಡಿಕ್ಕಿಯಾಗಿ ಐವರು ಸತ್ತರು. 2025ರ ಮೇ ತಿಂಗಳಲ್ಲಿ, ಬ್ಯಾಂಕ್ ಕಳವಿಗೆ ಕೆಲವೇ ದಿನ ಮುಂಚೆ, ಅದೇ ಮನಗೂಳಿಯ ಹತ್ತಿರ ಹೆದ್ದಾರಿಯಲ್ಲಿ ಕಾರು ಮತ್ತು ಬಸ್ಸು ಡಿಕ್ಕಿಯಾಗಿ ಆರು ಜನ ಹೋದರು. ಚಿನ್ನದ ಸುದ್ದಿ ತಿಂಗಳುಗಟ್ಟಲೆ ಓಡಿತು. ಆರು ಜೀವದ ಸುದ್ದಿಗೆ ಎರಡು ದಿನದ ಆಯುಷ್ಯ.

ತೊಗರಿ ರಾಶಿ, ಕಬ್ಬಿನ ಹಂಗಾಮು ಎರಡೂ ಚಳಿಗಾಲಕ್ಕೆ ಕೂಡಿಬರುತ್ತವೆ. ಇಂಡಿಯ ಮರಗೂರು, ಮುದ್ದೇಬಿಹಾಳದ ಯರಗಲ್, ಸಿಂದಗಿ ಸೀಮೆಯ ಆಲಮೇಲ ಕಡೆಯ ಕಾರ್ಖಾನೆಗಳಿಗೆ ರಾತ್ರಿಯಿಡೀ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಹೋಗುತ್ತವೆ. ಹಿಂದಿನ ದೀಪ ಇರುವುದಿಲ್ಲ, ಇದ್ದರೆ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಇದಕ್ಕೆ ರಸ್ತೆಯ ಮೇಲೆ ನಿಂತು ದಂಡ ಹಾಕುವುದಕ್ಕಿಂತ ಹಂಗಾಮಿನ ಮೊದಲ ದಿನ ಕಾರ್ಖಾನೆಯ ಗೇಟಿನಲ್ಲಿಯೇ ಪ್ರತಿಫಲಕ ಪಟ್ಟಿ ಅಂಟಿಸಿ, ಪಟ್ಟಿ ಇಲ್ಲದ ಗಾಡಿಯ ಕಬ್ಬು ತೂಗುವುದಿಲ್ಲ ಎಂದರೆ ಕೆಲಸ ಸಲೀಸು.

ಕುಡಿದು ಓಡಿಸುವವರ ತಪಾಸಣೆಗೂ ಒಂದು ಲೆಕ್ಕವಿದೆ. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ರಾಜಸ್ಥಾನ ಪೊಲೀಸರ ಜೊತೆ ಇದನ್ನು ಪರೀಕ್ಷಿಸಿದರು. ಅತಿ ಅಪಾಯದ ಒಂದೇ ಜಾಗದಲ್ಲಿ ಕಾಯಂ ನಾಕಾ ಹಾಕಿದ ಕಡೆ ಹೇಳಿಕೊಳ್ಳುವ ಪರಿಣಾಮ ಕಾಣಲಿಲ್ಲ, ಯಾಕೆಂದರೆ ಕುಡಿದವನು ಮಗ್ಗುಲ ರಸ್ತೆ ಹಿಡಿಯುವುದನ್ನು ಎರಡೇ ದಿನದಲ್ಲಿ ಕಲಿಯುತ್ತಾನೆ. ನಾಕಾವನ್ನು ಮೂರು ಜಾಗಗಳ ನಡುವೆ ತಿರುಗಿಸಿದ ಕಡೆ ರಾತ್ರಿ ಅಪಘಾತ ಶೇ 17, ರಾತ್ರಿ ಸಾವು ಶೇ 25 ಇಳಿದವು. ಎಲ್ಲಿ ಅಪಘಾತ ಹೆಚ್ಚು ಎಂದು ನಕ್ಷೆ ಹೇಳಬಹುದು, ಅಲ್ಲಿ ಏನು ಮಾಡಬೇಕೆಂಬುದು ಮಾಡಿ ನೋಡಿ ಕಲಿಯಬೇಕಾದ ವಿಷಯ. ಕಾಯಂ ಬ್ಯಾರಿಕೇಡ್ ಇಟ್ಟು ಒಬ್ಬ ಗೃಹರಕ್ಷಕನನ್ನು ಕುರ್ಚಿ ಹಾಕಿ ಕೂರಿಸುವ ನಮ್ಮ ಪದ್ಧತಿಗೆ ಈ ಅಧ್ಯಯನದಲ್ಲಿ ಬೆಂಬಲ ಸಿಗುವುದಿಲ್ಲ.

ಇಷ್ಟೆಲ್ಲ ಕೆಲಸಗಳಲ್ಲಿ ಪೊಲೀಸರ ಪಾಲು ಎಷ್ಟು? ಅರ್ಧವೂ ಇಲ್ಲ. ಬೀದಿದೀಪ ಪುರಸಭೆಯದ್ದು. ನ್ಯೂಯಾರ್ಕ್ ನಗರ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳ ನಡುವೆ ದೊಡ್ಡ ದೀಪಗಳನ್ನು ನಿಲ್ಲಿಸಿ ಪರೀಕ್ಷಿಸಿದಾಗ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧ ಶೇ 36ರಷ್ಟು ಇಳಿದಿತ್ತು. ಬಸ್ ನಿಲ್ದಾಣ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ್ದು, ಗಾಯದ ಲೆಕ್ಕ ಆರೋಗ್ಯ ಇಲಾಖೆಯದ್ದು, ಹಾಜರಿ ಪುಸ್ತಕ ಶಿಕ್ಷಣ ಇಲಾಖೆಯದ್ದು, ಮದ್ಯದಂಗಡಿಯ ಪರವಾನಗಿ ಅಬಕಾರಿಯದ್ದು. ಇವರೆಲ್ಲ ಒಂದೇ ಮೇಜಿನ ಮುಂದೆ ಕೂರುವ ಪದ್ಧತಿ ತಾಲ್ಲೂಕು ಮಟ್ಟದಲ್ಲಿ ಹಬ್ಬಗಳ ಶಾಂತಿ ಸಭೆಗೆ ಮಾತ್ರ ಸೀಮಿತ. ಅಲ್ಲಿ ಚಹಾ, ಚೂಡಾ, ಭಾಷಣ ಎಲ್ಲ ಇರುತ್ತದೆ. ಕಳೆದ ಮೂರು ತಿಂಗಳಲ್ಲಿ ಯಾವ ಜಾಗದಲ್ಲಿ ಏನಾಯಿತು ಎಂಬ ಒಂದು ಹಾಳೆ ಮಾತ್ರ ಇರುವುದಿಲ್ಲ.

ಪೊಲೀಸರ ಕಡೆಯಿಂದ ನೆಲ ಹದವಾಗಿದೆ ಎಂದೇ ಹೇಳಬೇಕು. 2017ರಲ್ಲಿ ರಾಜ್ಯದಾದ್ಯಂತ ಬಂದ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಪ್ರದೇಶ ಹಂಚಿ, ಅಲ್ಲಿನ ನಾಗರಿಕರ ಸಮಿತಿ ಮಾಡಲಾಯಿತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಆರಂಭವಾಯಿತು. ಮನೆಗೆ ಬಂದ ಪೊಲೀಸ್ ಸಿಬ್ಬಂದಿ ಮೊಬೈಲ್ ನಂಬರ್ ಕೊಟ್ಟು, ಫೋಟೊ ತೆಗೆಸಿಕೊಂಡು ಹೋದರೆ ಅದೊಂದು ಪ್ರಚಾರ. ‘ನಿಮ್ಮ ಓಣ್ಯಾಗ ರಾತ್ರಿ ಯಾವ ಜಾಗಾಕ್ಕ ಹೋಗಾಕ ಅಂಜಿಕಿ ಬರ್ತದ್ರಿ?’ ಎಂದು ಕೇಳಿ ಬರೆದುಕೊಂಡರೆ ಅದು ಯಾವ ಎಫ್‌ಐಆರ್‌ನಲ್ಲೂ ಸಿಗದ ಮಾಹಿತಿ.

ಓದುಗರಿಗೂ ಇದರಲ್ಲಿ ಕೆಲಸವಿದೆ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕು. ಅವನ್ನು ಠಾಣೆವಾರು ಹುಡುಕಬಹುದು. ಹೆಸರುಗಳನ್ನು ಬಿಟ್ಟು ಜಾಗ, ವಾರ, ಹೊತ್ತು ಮಾತ್ರ ಬರೆದುಕೊಂಡು ನಿಮ್ಮ ವಾರ್ಡಿನ ಸದಸ್ಯರ ಕೈಗೆ ಕೊಡಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿಸಿ. ಶಕ್ತಿ ವಾಹಿನಿ ಆದೇಶದ ಪ್ರಕಾರ ಜಿಲ್ಲೆಯಲ್ಲಿ ಯಾವ ಹಳ್ಳಿಗಳನ್ನು ಗುರುತಿಸಲಾಗಿದೆ, 1995ರ ನಿಯಮದ ಪಟ್ಟಿ ಎಲ್ಲಿದೆ, ಅವುಗಳ ಆಧಾರದ ಮೇಲೆ ಏನು ಕ್ರಮ ಆಗಿದೆ ಎಂದು ಎಸ್‌ಪಿ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ಒಂದೊಂದು ಅರ್ಜಿ ಹಾಕಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗೆ ಇರುವ ಗಡುವು 30 ದಿನ.